ಅಡುಗೆಮನೆಯ ಚಿಪ್ಪು, ಗೋಡೆಯ ಮೇಲೆ ಕಡಲು

ಮರುವಾಯಿ ಸುಕ್ಕವೋ, ಮರುವಾಯಿ ಪುಂಡಿಯೋ ಆದ ದಿನ ಕರಾವಳಿಯ ಮನೆಗಳ ಹಿತ್ತಿಲಲ್ಲಿ ಚಿಪ್ಪಿನ ಒಂದು ಸಣ್ಣ ಗುಡ್ಡೆ ಬೀಳುತ್ತದೆ. ತೆಂಗಿನ ಬುಡಕ್ಕೆ ಸುರಿದರೆ ಅದರ ಕಥೆ ಮುಗಿಯಿತು. ಅದೇ ಮನೆಯ ಹಾಲಿನ ಗೋಡೆಗೆ ತೂಗುಹಾಕಲು ಮಾತ್ರ ಪೇಟೆಯಿಂದ ಪ್ಲಾಸ್ಟಿಕ್ ಹೂವಿನ ಚೌಕಟ್ಟನ್ನು ದುಡ್ಡು ಕೊಟ್ಟು ತರುತ್ತೇವೆ. ಹಿತ್ತಿಲಲ್ಲಿ ಬಿದ್ದಿರುವುದು ಅಲ್ಲಾಹನ ಸೃಷ್ಟಿಯ ಸುಂದರ ಕುಸುರಿ. ಗೋಡೆಯ ಮೇಲಿರುವುದು ಯಂತ್ರದ ಅಚ್ಚಿನಿಂದ ಬಂದದ್ದು. ಈ ಎರಡರ ಜಾಗವನ್ನು ಒಮ್ಮೆ ಅದಲುಬದಲು ಮಾಡಿ ನೋಡಿದರೆ ಹೇಗೆ?

ಬಣ್ಣ ಬಳಿದ ಚಿಪ್ಪುಗಳಿಂದ ಕಡಲತೀರದ ಗೋಡೆಚಿತ್ರ ಮಾಡುವ ಕಲೆ ಈಗ ಎಲ್ಲೆಡೆ ಜನಪ್ರಿಯವಾಗಿದೆ. ಇದಕ್ಕೆ ದೊಡ್ಡ ಬಂಡವಾಳ ಬೇಡ, ಚಿತ್ರಕಲೆಯ ತರಬೇತಿಯೂ ಬೇಡ. ಬೇಕಾದದ್ದು ತಾಳ್ಮೆ ಮತ್ತು ಸ್ವಲ್ಪ ವಿವೇಕ. ತಾಳ್ಮೆ ಕೈಕೆಲಸಕ್ಕೆ. ವಿವೇಕ ಏಕೆಂದರೆ, ಈ ಚಿಪ್ಪುಗಳು ಎಲ್ಲಿಂದ ಬಂದವು, ನಮ್ಮ ದುಡಿಮೆಗೆ ನಾವು ಎಷ್ಟು ಬೆಲೆ ಕಟ್ಟುತ್ತೇವೆ ಎಂಬ ಎರಡು ಪ್ರಶ್ನೆಗಳು ಇದರೊಂದಿಗೆ ಇವೆ.

ಕವಡೆಗೂ ಒಂದು ಕಾಲವಿತ್ತು

ಬೆಲೆಯಿಲ್ಲದ ವಸ್ತುವನ್ನು ನಾವು ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂದು ತಳ್ಳಿಹಾಕುತ್ತೇವೆ. ಆದರೆ ಕವಡೆ ಒಂದು ಕಾಲದಲ್ಲಿ ನಿಜವಾಗಿಯೂ ಹಣವಾಗಿತ್ತು. ಮಾಲ್ಡೀವ್ಸ್ ದ್ವೀಪಗಳಿಂದ ಹಡಗು ತುಂಬ ಕವಡೆ ಬಂಗಾಳಕ್ಕೆ ಬರುತ್ತಿತ್ತು. ಬಂಗಾಳ ಮತ್ತು ಒಡಿಶಾದ ಸಂತೆಗಳಲ್ಲಿ 19ನೇ ಶತಮಾನದ ಆರಂಭದವರೆಗೂ ಬಡವರ ಚಿಲ್ಲರೆ ಹಣವೆಂದರೆ ಕವಡೆಯೇ.

1343ರ ಸುಮಾರಿಗೆ ಮಾಲ್ಡೀವ್ಸ್‌ಗೆ ಹೋಗಿ ಅಲ್ಲಿ ಖಾಝಿಯಾಗಿ ಸೇವೆ ಸಲ್ಲಿಸಿದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತಾ ಇದನ್ನು ವಿವರವಾಗಿ ಬರೆದಿದ್ದಾರೆ. ಕಡಲಿನಿಂದ ಆಯ್ದ ಕವಡೆಯನ್ನು ಗುಂಡಿಯಲ್ಲಿ ಹೂತು, ಒಳಗಿನ ಮಾಂಸ ಕೊಳೆತು ಹೋದ ಮೇಲೆ ಬಿಳಿ ಚಿಪ್ಪನ್ನು ತೆಗೆಯುತ್ತಿದ್ದರಂತೆ. ನಾಲ್ಕು ಲಕ್ಷ ಕವಡೆಗೆ ಒಂದು ಚಿನ್ನದ ದಿನಾರು. ಬೆಲೆ ಇಳಿದಾಗ 12 ಲಕ್ಷ ಕವಡೆಗೆ ಒಂದು ದಿನಾರು. ಮಾಲ್ಡೀವ್ಸ್‌ಗೆ ಹೋಗುವ ಮುನ್ನ ಇದೇ ಪ್ರವಾಸಿ ನಮ್ಮ ಹೊನ್ನಾವರಕ್ಕೂ ಬಂದಿದ್ದರು. ಅಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದೂ ಅಲ್ಲಿನ ಮಹಿಳೆಯರು ಕುರ್‌ಆನ್ ಕಂಠಪಾಠ ಮಾಡಿದವರೆಂದೂ ಬರೆದಿದ್ದಾರೆ. ನಮ್ಮ ಕರಾವಳಿಯ ಹೆಣ್ಣುಮಕ್ಕಳ ವಿದ್ಯೆಗೂ ಚಿಪ್ಪಿನ ವ್ಯಾಪಾರಕ್ಕೂ ಒಬ್ಬನೇ ಸಾಕ್ಷಿ ಸಿಕ್ಕಿರುವುದು ಸಂತೋಷದ ಸಂಗತಿ.

ಚಿಪ್ಪಿನ ಉಪಯೋಗ ಅಲ್ಲಿಗೇ ಮುಗಿಯುವುದಿಲ್ಲ. ಗೋವಾದ ಹಳೆಯ ಮನೆಗಳ ಕಿಟಕಿಗಳಲ್ಲಿ ಗಾಜಿನ ಬದಲು ತೆಳುವಾದ, ಬೆಳಕು ಹಾಯುವ ಚಿಪ್ಪುಗಳನ್ನು ಕೂರಿಸಿದ್ದನ್ನು ಇಂದಿಗೂ ನೋಡಬಹುದು. ನಮ್ಮ ಹಿರಿಯರು ಚಿಪ್ಪನ್ನು ಸುಟ್ಟು ಸುಣ್ಣ ಮಾಡಿ ಗೋಡೆಗೆ ಬಳಿದರು, ವೀಳ್ಯದೆಲೆಗೆ ಸವರಿದರು. ಹಾಗಾಗಿ ಚಿಪ್ಪು ಗೋಡೆಯ ಮೇಲೆ ಬರುವುದು ನಮ್ಮಲ್ಲಿ ಹೊಸ ಸಂಗತಿಯೇನೂ ಅಲ್ಲ!

ಯಾವ ಚಿಪ್ಪು? ಎಲ್ಲಿಂದ?

ಕಡಲತೀರಕ್ಕೆ ಹೋದಾಗ ಮಕ್ಕಳು ಚೀಲ ತುಂಬ ಚಿಪ್ಪು ಹೆಕ್ಕುವುದು ಸಾಮಾನ್ಯ. ಖಾಲಿ ಚಿಪ್ಪು ತಾನೇ, ಯಾರಿಗೆ ನಷ್ಟ ಎಂದು ನಾವು ಸುಮ್ಮನಿರುತ್ತೇವೆ. ವಾಸ್ತವದಲ್ಲಿ ಕಡಲತೀರದ ಖಾಲಿ ಚಿಪ್ಪು ಯಾರದೋ ಮನೆ. ಸನ್ಯಾಸಿ ಏಡಿಗೆ ತನ್ನದೇ ಆದ ಪೂರ್ಣ ಕವಚವಿಲ್ಲ. ಮೃದುವಾದ ಹಿಂಭಾಗವನ್ನು ರಕ್ಷಿಸಿಕೊಳ್ಳಲು ಅದು ಖಾಲಿ ಶಂಖವನ್ನು ಹುಡುಕಿ ಒಳಗೆ ಸೇರಿಕೊಳ್ಳುತ್ತದೆ. ಬೆಳೆದಂತೆಲ್ಲ ದೊಡ್ಡ ಶಂಖಕ್ಕೆ ಮನೆ ಬದಲಿಸುತ್ತದೆ. ಒಡೆದು ಪುಡಿಯಾದ ಚಿಪ್ಪು ತೀರದ ಮರಳಿನ ಭಾಗವಾಗುತ್ತದೆ. ಕಡಲ್ಕೊರೆತದಿಂದ ಮನೆ ಕಳೆದುಕೊಂಡವರನ್ನು ಕಂಡ ನಮಗೆ ತೀರದ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ.

ಸ್ಪೇನ್ ದೇಶದ ಸಲೋ ಎಂಬ ಪ್ರವಾಸಿ ಪಟ್ಟಣದ ಕಡಲತೀರದಲ್ಲಿ ವಿಜ್ಞಾನಿಗಳು 1978ರಿಂದ 1981ರವರೆಗೆ ಚಿಪ್ಪುಗಳನ್ನು ಲೆಕ್ಕ ಮಾಡಿದ್ದರು. 2008ರಿಂದ 2010ರವರೆಗೆ ಅದೇ ಜಾಗದಲ್ಲಿ ಮತ್ತೆ ಲೆಕ್ಕ ಮಾಡಿದಾಗ ಚಿಪ್ಪುಗಳ ಸಂಖ್ಯೆ 60 ಶೇಕಡಕ್ಕಿಂತಲೂ ಹೆಚ್ಚು ಇಳಿದಿತ್ತು. ಆ ಅವಧಿಯಲ್ಲಿ ಅಲ್ಲಿಗೆ ಬರುವ ಪ್ರವಾಸಿಗರ ಸಂಖ್ಯೆ ಸುಮಾರು ಮೂರು ಪಟ್ಟು ಏರಿತ್ತು. 2014ರಲ್ಲಿ ಪ್ರಕಟವಾದ ಈ ಅಧ್ಯಯನ ಒಬ್ಬೊಬ್ಬರು ಒಯ್ಯುವ ಹಿಡಿ ಚಿಪ್ಪು ಒಟ್ಟಾದರೆ ಏನಾಗಬಹುದು ಎಂಬುದಕ್ಕೆ ಎಚ್ಚರಿಕೆ. ಮಲ್ಪೆಯಿಂದ ದೋಣಿಯಲ್ಲಿ ಸೈಂಟ್ ಮೇರಿಸ್ ದ್ವೀಪಕ್ಕೆ ಹೋದವರು ಅಲ್ಲಿನ ಚಿಪ್ಪಿನ ತೀರವನ್ನು ಕಣ್ತುಂಬ ನೋಡಿ ಬರಲಿ, ಚೀಲ ತುಂಬಿಕೊಂಡು ಬರುವುದು ಬೇಡ.

ಇನ್ನು ಪ್ರವಾಸಿ ಸ್ಥಳಗಳ ಅಂಗಡಿಗಳಲ್ಲಿ ಕನ್ನಡಿಯಂತೆ ಹೊಳೆಯುವ ದೊಡ್ಡ ಶಂಖಗಳ ವಿಷಯ. ಅಲೆಗೆ ಸಿಕ್ಕಿ ದಡಕ್ಕೆ ಬಂದ ಚಿಪ್ಪು ಸವೆದಿರುತ್ತದೆ, ಬಣ್ಣ ಮಾಸಿರುತ್ತದೆ. ಒಂದು ಗೀರೂ ಇಲ್ಲದೆ ಹೊಳೆಯುವ ಶಂಖವನ್ನು ಬಹುತೇಕ ಜೀವವಿರುವಾಗಲೇ ಕಡಲಿನಿಂದ ತೆಗೆದಿರುತ್ತಾರೆ. ತಿನ್ನಲಿಕ್ಕೂ ಅಲ್ಲ, ಕೇವಲ ಅಲಂಕಾರಕ್ಕಾಗಿ ಒಂದು ಜೀವ ಹೋಗಬೇಕೇ? ಕಾನೂನೂ ಇಲ್ಲಿ ಸುಮ್ಮನಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ 2001ರಲ್ಲಿ 24 ಜಾತಿಯ ಚಿಪ್ಪುಜೀವಿಗಳನ್ನು ಸೇರಿಸಲಾಯಿತು. ನಾಟಿಲಸ್, ಟ್ರೈಟನ್ ಶಂಖ, ಕೊಂಬಿನ ಹೆಲ್ಮೆಟ್ ಶಂಖ, ದೈತ್ಯ ಚಿಪ್ಪು ಮುಂತಾದವು ಅದರಲ್ಲಿವೆ. ಹವಳ ಮತ್ತು ಕಡಲಕುದುರೆಗೂ ಅದೇ ರಕ್ಷಣೆ ದೊರೆಯಿತು. 2022ರ ತಿದ್ದುಪಡಿ ಆ ಪಟ್ಟಿಗಳನ್ನು ಹೊಸದಾಗಿ ಜೋಡಿಸಿತು. ಅಂಗಡಿಯಲ್ಲಿ ಮಾರುತ್ತಿದ್ದಾರೆ ಎಂದ ಮಾತ್ರಕ್ಕೆ ಕೊಳ್ಳುವುದು ಸರಿಯೆಂದು ಭಾವಿಸಬಾರದು.

ಹಾಗಾದರೆ ನಮಗೆ ಚಿಪ್ಪು ಎಲ್ಲಿಂದ? ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಮರುವಾಯಿ, ಪಚ್ಚಿಲೆ, ಸಿಂಪಿ ಇವೆಲ್ಲ ಊಟದ ನಂತರ ಉಳಿಯುವ ಚಿಪ್ಪುಗಳು. ಉತ್ತರ ಕನ್ನಡದವರು ಬೆಳಚು ಎನ್ನುವುದೂ ಇದೇ ವರ್ಗದ್ದು. ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಇಳಿತದ ವೇಳೆ ಮೊಣಕಾಲು ನೀರಿನಲ್ಲಿ ನಿಂತು ಬೆಳಚು ಹೆಕ್ಕಿ ಸಂಸಾರ ಸಾಗಿಸುವ ಮಹಿಳೆಯರಿದ್ದಾರೆ. ಆ ಅಳಿವೆ 2024ರಲ್ಲಿ ರಾಮ್ಸರ್ ತಾಣವೆಂದು, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ಘೋಷಿತವಾಯಿತು. ಅವರು ಬೆವರು ಸುರಿಸಿ ತಂದದ್ದನ್ನು ನಾವು ಕೊಂಡು ತಿಂದು, ಉಳಿದ ಚಿಪ್ಪನ್ನೂ ವ್ಯರ್ಥ ಮಾಡದೆ ಬಳಸಿದರೆ ಅದು ದುಂದುವೆಚ್ಚಕ್ಕೆ ತೀರಾ ವಿರುದ್ಧವಾದ ಕೆಲಸ. ಘಟ್ಟದ ಮೇಲಿನ ಸಹೋದರಿಯರು ಕರಾವಳಿಯ ನೆಂಟರಿಗೆ ಒಂದು ಮಾತು ಹೇಳಿದರೆ ಸಾಕು, ತೊಳೆದು ಒಣಗಿಸಿದ ಚಿಪ್ಪು ಚೀಲದಲ್ಲಿ ಬಸ್ಸು ಹತ್ತಿ ಬರುತ್ತದೆ.

ಮೊದಲ ಕೆಲಸ ಸ್ವಚ್ಛತೆ

ಚಿಪ್ಪಿನ ಕಲೆ ಹಾಳಾಗುವುದು ಹೆಚ್ಚಾಗಿ ಬಣ್ಣದಲ್ಲಲ್ಲ, ತೊಳೆಯುವುದರಲ್ಲಿ. ಚಿಪ್ಪಿನಲ್ಲಿ ಉಳಿದ ಮಾಂಸದ ಎಳೆ ವಾಸನೆ ಬರುತ್ತದೆ, ಇರುವೆ ಕರೆಯುತ್ತದೆ. ಉಳಿದ ಉಪ್ಪು ಗಾಳಿಯ ತೇವವನ್ನು ಹೀರಿ ಬಣ್ಣವನ್ನು ಎಬ್ಬಿಸುತ್ತದೆ. ಆದ್ದರಿಂದ ಈ ಕ್ರಮವನ್ನು ಅನುಸರಿಸಿ.

ಊಟವಾದ ಮೇಲೆ ಚಿಪ್ಪುಗಳನ್ನು ಇನ್ನೊಮ್ಮೆ ಹತ್ತು ನಿಮಿಷ ಕುದಿಸಿ, ಒಳಗೆ ಅಂಟಿಕೊಂಡಿರುವ ಗಂಟನ್ನು ಚಾಕುವಿನ ತುದಿಯಿಂದ ತೆಗೆಯಿರಿ. ಒಂದು ಲೀಟರ್ ನೀರಿಗೆ ಕಾಲು ಲೋಟ ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣ ಬೆರೆಸಿ ಒಂದು ಗಂಟೆ ನೆನೆಸಿಡಿ. ಕೈಗೆ ರಬ್ಬರ್ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ. ನಂತರ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಒಂದು ದಿನ ಸಾದಾ ನೀರಿನಲ್ಲಿ ಮುಳುಗಿಸಿಡಿ. ನೀರನ್ನು ಮೂರು ಸಲ ಬದಲಿಸಿ. ಕೊನೆಗೆ ಎರಡು ಮೂರು ದಿನ ನೆರಳಿನಲ್ಲಿ ಒಣಗಿಸಿ.

ಚಿಪ್ಪಿನ ಹೊರಮೈ ಮೇಲೆ ಕಂದು ಬಣ್ಣದ ತೆಳ್ಳನೆಯ ಸಿಪ್ಪೆ ಇರುತ್ತದೆ. ಪಚ್ಚಿಲೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಒಣಗಿದಂತೆ ಅದು ಏಳುತ್ತದೆ, ಏಳುವಾಗ ಮೇಲಿನ ಬಣ್ಣವನ್ನೂ ಕಿತ್ತುಕೊಂಡು ಹೋಗುತ್ತದೆ. ಬಣ್ಣ ಬಳಿಯುವ ಮೊದಲೇ ಅದನ್ನು ಕೆರೆದು ತೆಗೆಯಬೇಕು.

ಇಲ್ಲಿ ಮೂರು ಎಚ್ಚರಿಕೆಗಳು. ಮೊದಲನೆಯದು, ಬ್ಲೀಚಿನೊಂದಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ ವಿನೆಗರ್ ಆಗಲಿ ಎಂದಿಗೂ ಬೆರೆಸಬೇಡಿ. ಅದರಿಂದ ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ವಿಷ. ಎರಡನೆಯದು, ಹೊಳಪು ಬರುತ್ತದೆಂದು ಚಿಪ್ಪನ್ನು ಆಸಿಡ್‌ನಲ್ಲಿ ಅದ್ದಬೇಡಿ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದಕಲ್ಲಿನ ಜಾತಿ. ಆಸಿಡ್‌ನಲ್ಲಿ ಅದು ನೊರೆಯೆದ್ದು ಕರಗುತ್ತದೆ. ಮೂರನೆಯದು, ಚಿಪ್ಪನ್ನು ಉಜ್ಜುವಾಗ ಅಥವಾ ತೂತು ಕೊರೆಯುವಾಗ ಏಳುವ ಪುಡಿ ಎದೆಗೆ ಒಳ್ಳೆಯದಲ್ಲ. ನೀರು ಹಾಕಿ ಒದ್ದೆಯಾಗಿಯೇ ಉಜ್ಜಿ, ಮೂಗುಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ. ಆಸ್ತಮಾ ಇರುವವರು ಈ ಕೆಲಸದಿಂದ ದೂರವಿರಲಿ.

ಚಿತ್ರಕ್ಕೆ ಬೇಕಾಗುವ ಸಾಮಗ್ರಿ

ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲದ ಪ್ಲೈವುಡ್ ಹಲಗೆ. ಬಡಗಿಯ ಬಳಿ ಕೇಳಿದರೆ ಕತ್ತರಿಸಿ ಉಳಿದ ತುಂಡು ಕಡಿಮೆ ಬೆಲೆಗೆ ಸಿಗುತ್ತದೆ. ಸ್ಯಾಂಡ್ ಪೇಪರ್. ಬಿಳಿ ಪ್ರೈಮರ್, ಮನೆಗೆ ಬಳಿದು ಉಳಿದ ಬಿಳಿ ಎಮಲ್ಶನ್ ಆದರೂ ಆದೀತು. ಆಕ್ರಿಲಿಕ್ ಬಣ್ಣಗಳು: ಬಿಳಿ, ಕಡುನೀಲಿ, ಹಸಿರು, ಹಳದಿ, ಕೆಂಪು ಮತ್ತು ಕಂದು. ಉಳಿದ ಬಣ್ಣಗಳನ್ನೆಲ್ಲ ಇವುಗಳ ಬೆರಕೆಯಿಂದ ಪಡೆಯಬಹುದು. ಹಗುರವಾದ ಚಿಪ್ಪುಗಳಿಗೆ ಫೆವಿಕಾಲ್, ಭಾರದ ಚಿಪ್ಪುಗಳಿಗೆ ಅರಾಲ್ಡೈಟ್ ಅಥವಾ ಎಂ-ಸೀಲ್. ಕೊನೆಗೆ ಬಳಿಯಲು ಪಾರದರ್ಶಕ ವಾರ್ನಿಶ್.

ಮರಳಿಗಾಗಿ ಕಡಲತೀರಕ್ಕೆ ಹೋಗಬೇಡಿ. ಮನೆ ಕಟ್ಟುವಲ್ಲಿ ಉಳಿದ ಹೊಯ್ಗೆಯನ್ನು ಒಂದು ಹಿಡಿ ತಂದು, ಜರಡಿ ಹಿಡಿದು, ತೊಳೆದು ಒಣಗಿಸಿದರೆ ಸಾಕು. ಕೆಲವರು ರವೆಗೆ ಬಣ್ಣ ಹಾಕಿ ಅಂಟಿಸುತ್ತಾರೆ. ಆಹಾರ ವಸ್ತುವನ್ನು ಹಾಗೆ ಮಾಡುವುದೂ ಸರಿಯಲ್ಲ, ಇರುವೆ ಮತ್ತು ಜಿರಳೆಗೆ ಆಹ್ವಾನವೂ ಆಗುತ್ತದೆ.

ಹಂತ ಹಂತವಾಗಿ

ಹಲಗೆಯನ್ನು ಉಜ್ಜಿ ನಯ ಮಾಡಿ, ಮುಂದೆ ಹಿಂದೆ ಎರಡೂ ಬದಿಗೆ ಮತ್ತು ಅಂಚುಗಳಿಗೆ ಪ್ರೈಮರ್ ಬಳಿಯಿರಿ. ಹಿಂಬದಿ ಯಾರಿಗೂ ಕಾಣುವುದಿಲ್ಲವೆಂದು ಬಿಟ್ಟರೆ ಮೊದಲ ಮಳೆಗಾಲಕ್ಕೇ ಹಲಗೆ ತೇವ ಹೀರಿ ಬಾಗುತ್ತದೆ.

ಹಲಗೆಯ ಮೇಲೆ ಪೆನ್ಸಿಲಿನಿಂದ ಎರಡು ಗೆರೆ ಹಾಕಿ. ಆಕಾಶ ಮತ್ತು ಕಡಲು ಸೇರುವ ಗೆರೆ ಸರಿಮಧ್ಯದಲ್ಲಿ ಬೇಡ, ಮೇಲಿನ ಮೂರನೇ ಒಂದು ಭಾಗದಲ್ಲಿರಲಿ. ನೀರು ಮತ್ತು ಮರಳು ಸೇರುವ ಗೆರೆ ಕೆಳಗಿರಲಿ, ಅಲೆಯಂತೆ ಬಾಗಿರಲಿ. ಮೊದಲು ಆಕಾಶಕ್ಕೆ, ಆಮೇಲೆ ಕಡಲಿಗೆ ಬಣ್ಣ. ದೂರದ ನೀರು ಕಡುನೀಲಿ. ದಡಕ್ಕೆ ಬಂದಂತೆ ಹಸಿರು ಬೆರೆತ ತಿಳಿನೀಲಿ. ಆಳವಿಲ್ಲದ ನೀರಿನಲ್ಲಿ ಬಿಸಿಲು ಕೆಳಗಿನ ಮರಳಿಗೆ ತಾಗಿ ಹಿಂದಿರುಗುವುದರಿಂದ ದಡದ ನೀರು ತಿಳಿಯಾಗಿ ಕಾಣುತ್ತದೆ. ನಮ್ಮದು ಪಡುಗಡಲು. ಇಲ್ಲಿ ಸೂರ್ಯ ಕಡಲಿನಿಂದ ಏಳುವುದಿಲ್ಲ, ಕಡಲಿಗೆ ಇಳಿಯುತ್ತಾನೆ. ಹಾಗಾಗಿ ಮಗ್ರಿಬ್‌ಗೆ ಮುಂಚಿನ ಹೊತ್ತಿನ ಕಿತ್ತಳೆ, ಕೆಂಪು ಛಾಯೆಯನ್ನು ಆಕಾಶಕ್ಕೆ ಕೊಟ್ಟರೆ ಚಿತ್ರ ನಮ್ಮ ಊರಿನದಾಗುತ್ತದೆ.

ಬಣ್ಣ ಒಣಗಿದ ಮೇಲೆ ಮರಳಿನ ಭಾಗಕ್ಕೆ ಫೆವಿಕಾಲ್ ಸವರಿ ಹೊಯ್ಗೆ ಉದುರಿಸಿ, ಒಂದು ರಾತ್ರಿ ಬಿಟ್ಟು ಹಲಗೆಯನ್ನು ಬಾಗಿಸಿ ತಟ್ಟಿ. ಅಂಟದೆ ಉಳಿದದ್ದು ಉದುರಿಹೋಗುತ್ತದೆ.

ಈಗ ಚಿಪ್ಪುಗಳ ಸರದಿ. ಯಾವ ಚಿಪ್ಪಿಗೆ ಯಾವ ಪಾತ್ರ ಎಂಬುದನ್ನು ಅದರ ಆಕಾರವೇ ಹೇಳುತ್ತದೆ. ಪಚ್ಚಿಲೆಯ ಅರ್ಧ ಚಿಪ್ಪನ್ನು ಅಡ್ಡಲಾಗಿ ಇಟ್ಟರೆ ಅದು ದೋಣಿ. ಅದರ ಅಂಚಿನ ಹಸಿರು ಸಹಜವಾಗಿಯೇ ಸುಂದರ, ಅದಕ್ಕೆ ಬಣ್ಣ ಬೇಡ. ಚಿಕ್ಕ ಪಚ್ಚಿಲೆಗಳನ್ನು ಹಸಿರು ಬಣ್ಣ ಬಳಿದು ನಕ್ಷತ್ರದಂತೆ ಹರಡಿದರೆ ತೆಂಗಿನ ಗರಿ. ಮರುವಾಯಿ ಚಿಪ್ಪುಗಳನ್ನು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಒರಗಿಸಿ ಸಾಲಾಗಿ ಇಟ್ಟರೆ ಅಲೆ. ಮೇಲಿನ ಸಾಲಿಗೆ ಕಡುನೀಲಿ, ಕೆಳಗಿನ ಸಾಲಿಗೆ ತಿಳಿನೀಲಿ, ಕೊನೆಯ ಸಾಲು ನೊರೆಯಂತೆ ಬಿಳಿ. ಒರಟಾದ ಸಿಂಪಿ ಚಿಪ್ಪು ಬಂಡೆ. ಒಡೆದ ಚೂರುಗಳೂ ವ್ಯರ್ಥವಲ್ಲ. ಕಂದು ಬಳಿದು ಜೋಡಿಸಿದರೆ ತೆಂಗಿನ ಕಾಂಡ.

ಪ್ರತಿ ಚಿಪ್ಪಿಗೂ ಮೊದಲು ಬಿಳಿ ಪ್ರೈಮರ್, ಅದು ಒಣಗಿದ ಮೇಲೆ ಬಣ್ಣವನ್ನು ತೆಳುವಾಗಿ ಎರಡು ಸಲ. ಒಂದೇ ಸಲ ದಪ್ಪಗೆ ಬಳಿದರೆ ಚಿಪ್ಪಿನ ಗೆರೆಗಳು ಮುಚ್ಚಿಹೋಗುತ್ತವೆ. ಆ ಗೆರೆಗಳು ಜೀವಿ ಬೆಳೆದಂತೆ ಅಂಚಿಗೆ ಪದರ ಪದರವಾಗಿ ಸೇರಿಸಿಕೊಂಡ ಬೆಳವಣಿಗೆಯ ಗುರುತು. ಚಿಪ್ಪಿನ ಸೊಗಸು ಇರುವುದೇ ಅಲ್ಲಿ.

ಅಂಟಿಸುವ ಮೊದಲು ಎಲ್ಲ ಚಿಪ್ಪುಗಳನ್ನೂ ಹಲಗೆಯ ಮೇಲೆ ಸುಮ್ಮನೆ ಜೋಡಿಸಿ ಒಂದು ದಿನ ಬಿಡಿ. ಬರುವಾಗ ಹೋಗುವಾಗ ನೋಡಿ. ಇಲ್ಲೊಂದು ಹೆಚ್ಚಾಯಿತು, ಅಲ್ಲೊಂದು ಕಡಿಮೆಯಾಯಿತು ಎಂದು ಕಣ್ಣೇ ಹೇಳುತ್ತದೆ. ಸರಿಯಾದ ಮೇಲೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ಅದನ್ನು ನೋಡಿಕೊಂಡು ಹಿಂದಿನ ಸಾಲಿನಿಂದ ಮುಂದಕ್ಕೆ ಒಂದೊಂದಾಗಿ ಅಂಟಿಸಿ. ಹಲಗೆಯನ್ನು ಒಂದು ಪೂರ್ಣ ದಿನ ಮಲಗಿಸಿಯೇ ಇಡಿ. ಕೊನೆಗೆ ವಾರ್ನಿಶ್.

ಯಾವ ಗೋಡೆಗೆ?

ಜೀವಿಗಳ ಚಿತ್ರವನ್ನು ಗೋಡೆಯ ಮೇಲೆ ಹಾಕದಿರುವ ನಮ್ಮ ಮನೆಗಳಿಗೆ ಕಡಲು, ಆಕಾಶ, ದೋಣಿ, ತೆಂಗಿನ ಮರ ಹೇಳಿ ಮಾಡಿಸಿದ ವಿಷಯಗಳು. ಪುಸ್ತಕಗಳಲ್ಲಿ ಕಾಣುವ ಮೀನು, ಹಕ್ಕಿ, ಏಡಿಗಳಿಲ್ಲದೆಯೂ ಕಡಲತೀರ ಪೂರ್ಣವಾಗಿಯೇ ಇರುತ್ತದೆ. ನಮಾಝ್ ನಿರ್ವಹಿಸುವಾಗ ಎದುರಿಗೆ ಬರುವ ಗೋಡೆಗೆ ಮಾತ್ರ ಬೇಡ. ಬಣ್ಣದ ವಸ್ತು ಗಮನ ಸೆಳೆಯುತ್ತದೆ.

ಕೆಂಪು ಕಲ್ಲಿನ ಗೋಡೆಗೆ ಬರೀ ಮೊಳೆ ಹೊಡೆದರೆ ಭಾರಕ್ಕೆ ಸಡಿಲವಾಗುತ್ತದೆ. ಡ್ರಿಲ್ ಮಾಡಿಸಿ, ಪ್ಲಾಸ್ಟಿಕ್ ಪ್ಲಗ್ ತುರುಕಿ ಸ್ಕ್ರೂ ಹಾಕಿಸಿ. ಹಲಗೆಯ ಹಿಂದಿನ ನಾಲ್ಕು ಮೂಲೆಗೆ ಬಾಟಲಿಯ ಮುಚ್ಚಳ ಅಂಟಿಸಿದರೆ ಗೋಡೆಗೂ ಹಲಗೆಗೂ ನಡುವೆ ಗಾಳಿ ಆಡುತ್ತದೆ, ಮಳೆಗಾಲದಲ್ಲಿ ಬೂಸಲು ಹಿಡಿಯುವುದಿಲ್ಲ. ತೊಟ್ಟಿಲು ಅಥವಾ ಮಂಚದ ತಲೆಯ ಮೇಲ್ಭಾಗದಲ್ಲಿ ತೂಗುಹಾಕಬೇಡಿ.

ದುಡಿಮೆಗೆ ಬೆಲೆ ಕಟ್ಟಿಕೊಳ್ಳಿ

ಮೊದಲ ಚಿತ್ರ ಮನೆಗೆ, ಎರಡನೆಯದು ಮದುವೆಯ ಉಡುಗೊರೆಗೆ. ಮೂರನೆಯದಕ್ಕೆ ಯಾರಾದರೂ ‘ನನಗೊಂದು ಮಾಡಿಕೊಡು, ಎಷ್ಟಾಗುತ್ತದೆ?’ ಎಂದು ಕೇಳುತ್ತಾರೆ. ಆಗ ನಮ್ಮ ಹೆಣ್ಣುಮಕ್ಕಳು ಹೆಚ್ಚಾಗಿ ಕೊಡುವ ಉತ್ತರ, ‘ಅಯ್ಯೋ, ಮನೆಯಲ್ಲಿ ಸುಮ್ಮನೆ ಕೂತು ಮಾಡಿದ್ದು, ಏನಾದರೂ ಕೊಡಿ.’ ಈ ‘ಸುಮ್ಮನೆ’ ಎಂಬ ಮಾತೇ ನಮ್ಮ ಕೈಗೆ ನಾವೇ ಮಾಡುವ ಅನ್ಯಾಯ.

ಒಂದು ಲೆಕ್ಕ ನೋಡೋಣ. ಅಂಕಿಗಳು ಕೇವಲ ಉದಾಹರಣೆಗೆ. ನಿಮ್ಮೂರಿನ ಬೆಲೆಯನ್ನು ನೀವು ಹಾಕಿಕೊಳ್ಳಿ. ಪ್ಲೈವುಡ್‌ಗೆ 120 ರೂಪಾಯಿ, ಬಣ್ಣಕ್ಕೆ 60, ಅಂಟಿಗೆ 40, ವಾರ್ನಿಶ್‌ಗೆ 30, ಚೌಕಟ್ಟು ಮತ್ತು ಕೊಕ್ಕೆಗೆ 100. ಸಾಮಗ್ರಿಗೆ ಒಟ್ಟು 350 ರೂಪಾಯಿ. ಊರಿನ ದಿನಗೂಲಿ ಎಂಟು ಗಂಟೆಗೆ 480 ರೂಪಾಯಿ ಎಂದಿಟ್ಟುಕೊಂಡರೆ ಗಂಟೆಗೆ 60. ತೊಳೆಯುವುದರಿಂದ ವಾರ್ನಿಶ್‌ವರೆಗೆ ನಿಮ್ಮ ಕೈಕೆಲಸ ಏಳು ಗಂಟೆಯಾದರೆ 420 ರೂಪಾಯಿ. ಚಿತ್ರದ ನಿಜವಾದ ಬೆಲೆ 770. ಯಾರಾದರೂ 300 ರೂಪಾಯಿ ಕೊಟ್ಟು ಒಯ್ದರೆ ನಿಮ್ಮ ಏಳು ಗಂಟೆ ದುಡಿಮೆಯೂ ಹೋಯಿತು, ಮೇಲಿಂದ ಕೈಯಿಂದ 50 ರೂಪಾಯಿಯೂ ಹೋಯಿತು! ಅಂಗಡಿಯಲ್ಲಿ ಇಟ್ಟು ಮಾರುವುದಾದರೆ ಅಂಗಡಿಯವರ ಪಾಲನ್ನೂ ಇದರ ಮೇಲೆ ಸೇರಿಸಬೇಕು.

ಉಡುಗೊರೆಯಾಗಿ ಕೊಡುವುದು ಬೇರೆ, ಮಾರುವುದು ಬೇರೆ. ಕೊಡುವಾಗ ಮನಸಾರೆ ಕೊಡಿ. ಮಾರುವಾಗ ಲೆಕ್ಕ ಹಿಡಿದು ಮಾರಿ. ಒಂದು ನೋಟ್‌ಬುಕ್ಕಿನಲ್ಲಿ ಖರ್ಚು, ಗಂಟೆ, ಬಂದ ಹಣ ಮೂರನ್ನೂ ಬರೆದಿಡಿ. ಕೂಲಿಯವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕಲಿತ ನಾವು ನಮ್ಮ ಮನೆಯ ಹೆಣ್ಣಿನ ಬೆವರನ್ನು ಲೆಕ್ಕದಿಂದ ಹೊರಗಿಡುವುದು ನ್ಯಾಯವೇ? ಪತಿ, ತಂದೆ, ಸಹೋದರರೂ ಇದನ್ನು ಯೋಚಿಸಬೇಕು.

ಮಾರುವಾಗ ಇನ್ನೊಂದು ಮಾತನ್ನೂ ಹೇಳಿ: ಈ ಚಿಪ್ಪು ಅಡುಗೆಮನೆಯದು, ಇದಕ್ಕಾಗಿ ಯಾವ ಜೀವವನ್ನೂ ಕೊಂದಿಲ್ಲ, ಕಡಲತೀರದಿಂದ ಕದ್ದಿಲ್ಲ. ಹಲಗೆಯ ಹಿಂದೆ ಒಂದು ಚೀಟಿಯಲ್ಲಿ ಇದನ್ನು ಬರೆದು ಅಂಟಿಸಬಹುದು. ಕೊಳ್ಳುವವರು ಮುಂದಿನ ಬಾರಿ ಅಂಗಡಿಯ ಹೊಳೆಯುವ ಶಂಖದ ಮುಂದೆ ನಿಂತಾಗ ಆ ಚೀಟಿ ನೆನಪಾದರೂ ನಿಮ್ಮ ಶ್ರಮ ಸಾರ್ಥಕ.

ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಬ್ಲೀಚ್, ಅರಾಲ್ಡೈಟ್, ವಾರ್ನಿಶ್ ಅವರ ಕೈಗೆ ಸಿಗದಿರಲಿ. ಚಿಪ್ಪನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವುದು, ಬಣ್ಣ ಬಳಿಯುವುದು, ಹೊಯ್ಗೆ ಉದುರಿಸುವುದು ಅವರ ಪಾಲಿಗಿರಲಿ. ಮರುವಾಯಿ ಎಂದರೆ ಬರೀ ತಟ್ಟೆಯ ಮೇಲಿನ ಪದಾರ್ಥವೆಂದು ತಿಳಿದ ಮಗು, ಅದು ಅಳಿವೆಯ ಕೆಸರಿನಲ್ಲಿ ಹೇಗೆ ಬದುಕಿತು, ಯಾರು ಹೆಕ್ಕಿ ತಂದರು ಎಂದು ಕೇಳತೊಡಗುತ್ತದೆ. ಅಂತಹ ಪ್ರಶ್ನೆಗೆ ಉತ್ತರ ಹೇಳುತ್ತಾ ಕಳೆಯುವ ಒಂದು ಮಧ್ಯಾಹ್ನ ಟಿ.ವಿ. ಮುಂದೆ ಕಳೆಯುವ ಹತ್ತು ಮಧ್ಯಾಹ್ನಗಳಿಗಿಂತ ಲೇಸು. ಮುಂದಿನ ಸಲ ಮರುವಾಯಿ ತಂದ ದಿನ ಚಿಪ್ಪನ್ನು ಎಸೆಯುವ ಮುನ್ನ ಒಂದು ಹಿಡಿಯನ್ನಾದರೂ ಎತ್ತಿಡಿ. ಕೆಲಸ ಅಲ್ಲಿಂದಲೇ ಶುರುವಾಗಲಿ.